ನಾಜಿಯಾ ಕೂಗಿದರೆ ಕಾಗೆ ಬರುತ್ತಿತ್ತು

ಆಗ ಅಮೆರಿಕದ ಕಮ್ಮಿಂಗ್‌ ಊರಿನಲ್ಲಿ ಮನೆಗಳಿಗಿಂತ ಪೈನ್ ಮರಗಳು ಹೆಚ್ಚು, ಪೈನ್ ಮರಗಳಿಗಿಂತ ಕಾಗೆಗಳು ಹೆಚ್ಚು. ಹೀಗೆ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಕಾಗೆಗಳನ್ನು ನಾನು ಎಣಿಸಿರಲಿಲ್ಲ, ಮರಗಳನ್ನೂ ಎಣಿಸಿರಲಿಲ್ಲ. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ, ನನಗೆ ಹನ್ನೊಂದು ವರ್ಷ: ಇಷ್ಟನ್ನು ನಂಬಬಹುದು. ನಮ್ಮ ಬಡಾವಣೆ ಮುಗಿಯುವಲ್ಲಿ ಡೇಲ್ ಅಂಕಲ್ ಅವರ ಪೆಕಾನ್ ತೋಪು ಇತ್ತು. ಕಾಗೆಗಳು ಅಕ್ರೋಟಿನಂಥ ಆ ಕಾಯಿಗಳನ್ನು ಕದಿಯುತ್ತಿದ್ದವು, ಡೇಲ್ ಅಂಕಲ್ ಬಂದೂಕಿನಿಂದ ಕಾಗೆಗಳನ್ನು ಹೊಡೆಯುತ್ತಿದ್ದರು. ನವೆಂಬರಿನಿಂದ ಅಲ್ಲಿ ಒದ್ದೆ ಎಲೆ, ಪೆಕಾನ್ ಸಿಪ್ಪೆ ಮತ್ತು ಮದ್ದಿನ ವಾಸನೆ.

ಅಷ್ಟು ಕಾಗೆಗಳಿದ್ದರೂ, ಬರಲೇಬೇಕಾದ ದಿನ ಒಂದೂ ನಮ್ಮ ಮನೆಗೆ ಬರುತ್ತಿರಲಿಲ್ಲ. ಅದು ಪುಷ್ಯ ಮಾಸದಲ್ಲಿ ಬರುವ ಅಜ್ಜಿಯ ತಿಥಿ. ಅಜ್ಜಿ ಮೈಸೂರಿನಲ್ಲಿ ಸತ್ತಾಗ ಡಾಕ್ಟರಾದ ಅಪ್ಪ ಇಲ್ಲಿ ಬೇರೆಯವರ ತಾಯಂದಿರ ನಾಡಿ ಹಿಡಿದು ಕೂತಿದ್ದರು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಪ್ರತಿ ವರ್ಷ ಪಂಚೆಯ ಮೇಲೆ ಚಳಿಗಾಲದ ದಪ್ಪ ಜಾಕೆಟ್ ತೊಟ್ಟು, ಮನೆಯ ಹಿಂದಿನ ಮರದ ಜಗಲಿಯಂಥ ಡೆಕ್ ಮೇಲೆ ಎಲೆಯಲ್ಲಿ ಅನ್ನ, ವಡೆ, ಎಳ್ಳುಂಡೆ ಇಟ್ಟು, "ಕಾ, ಕಾ" ಎಂದು ಕರೆಯುತ್ತಾ ನಿಲ್ಲುತ್ತಿದ್ದರು. ಕಾಗೆ ಮುಟ್ಟದೆ ಅವರು ಉಣ್ಣುತ್ತಿರಲಿಲ್ಲ. ಅನ್ನದ ಹಬೆ ಆರಿ, ಎಲೆಯ ಅಂಚು ಸೆಟೆದು, ಬೆಳಕು ಇಳಿದ ಮೇಲೆ ಅಮ್ಮನೇ ಹೋಗಿ ತೋಳು ಹಿಡಿದು ಒಳಗೆ ಕರೆತರುತ್ತಿದ್ದಳು.

ನಾಜಿಯಾ ನಮ್ಮ ಬೀದಿಗೆ ಬಂದದ್ದು ಆ ಚಳಿಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ. ಅವಳ ಅಬ್ಬಾಗೆ ಪಕ್ಕದ ಊರು ಅಲ್ಫರೆಟಾದಲ್ಲಿ ಕೆಲಸ. ಮೈಸೂರಿನಿಂದ ನೇರವಾಗಿ ಬಂದವಳು, ನನ್ನದೇ ಕ್ಲಾಸು, ಬಾಯಿ ತುಂಬ ಕನ್ನಡ. ನಾನು ಅಪ್ಪನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ನಾಜಿಯಾ ಒಳಗೆ ಬರುತ್ತಲೇ, "ಏನ್ ಅಂಕಲ್, ಇವತ್ತು ಎಷ್ಟು ಜನಕ್ಕೆ ಸೂಜಿ ಚುಚ್ಚಿದ್ರಿ?" ಎನ್ನುತ್ತಿದ್ದಳು. ಅಪ್ಪ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದರು. ಆ ನಗುವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಕೇಳಿರಬಹುದು, ಹೊಟ್ಟೆಕಿಚ್ಚು ಹಿಂದಿನದನ್ನೆಲ್ಲ ಒರೆಸಿಹಾಕುತ್ತದೆ.

ಪೆಕಾನ್ ಆರಿಸಲು ಹೋದ ನಮ್ಮಿಬ್ಬರನ್ನು ಡೇಲ್ ಅಂಕಲ್ ಬೇಟೆಗೆ ಹಚ್ಚಿದರು. ಅವರು ಆಡಿದ್ದು ಇಂಗ್ಲಿಷ್. ನೆನಪಿನಲ್ಲಿ ಮಾತ್ರ ಅವರೂ ಕನ್ನಡವನ್ನೇ ಆಡುತ್ತಾರೆ.

"ಮೊದಲನೇ ವರ್ಷ ಬಂದೂಕು ಮುಟ್ಟೋ ಹಾಗಿಲ್ಲ," ಎಂದರು. "ಕೂಗೋದು, ಸುಮ್ಮನಿರೋದು. ಎರಡನೇದೇ ಕಷ್ಟ."

ಪೊದೆಯೊಳಗೆ ಕೂರಬೇಕು. ಮುಖ ಮೇಲೆತ್ತಬಾರದು, ಏಕೆಂದರೆ ಕಾಗೆ ಮೊದಲು ನೋಡುವುದು ಮುಖವನ್ನೇ. ಗುಂಪಿಗಿಂತ ಮುಂಚೆ ಕಾವಲಿನ ಕಾಗೆಯೊಂದು ಬಂದು ನೋಡಿಹೋಗುತ್ತದೆ, ಆಗ ಉಸಿರು ಬಿಗಿಹಿಡಿಯಬೇಕು. ಹುಲ್ಲಿನ ಮೇಲೆ ಪ್ಲಾಸ್ಟಿಕ್ ಕಾಗೆಗಳನ್ನು ಮೇಯುವ ಹಾಗೆ ಇಟ್ಟರೆ ಊಟ ಇದೆ ಅಂತ ಅರ್ಥ. ಮರದಲ್ಲಿ ಪ್ಲಾಸ್ಟಿಕ್ ಗೂಬೆ ಇಟ್ಟರೆ ಶತ್ರು ಬಂದಿದ್ದಾನೆ ಅಂತ ಅರ್ಥ.

"ಎರಡನ್ನೂ ಒಟ್ಟಿಗೆ ಇಡಬೇಡಿ," ಎಂದರು ಡೇಲ್ ಅಂಕಲ್. "ಜಗಳಕ್ಕೆ ಬಂದ ಕಾಗೆ ತಿನ್ನಲ್ಲ."

ಆಮೇಲೆ ಕಾಗೆಯ ಕೂಗು ಹೊರಡಿಸುವ ಬೆರಳುದ್ದದ ಮರದ ಪೀಪಿ. ನಾನು ಊದಿದರೆ ಬಾತುಕೋಳಿಗೆ ನೆಗಡಿಯಾದಂತೆ ಕೇಳುತ್ತಿತ್ತು. ನಾಜಿಯಾ ಎರಡು ದಿನ ಊದಿ, ಮೂರನೆಯ ದಿನ ಪೀಪಿಯನ್ನು ಜೇಬಿಗೆ ಹಾಕಿಕೊಂಡು ಬರಿಯ ಗಂಟಲಿನಿಂದಲೇ ಕೂಗಿದಳು. ಕಾವಲಿನ ಕಾಗೆ ಬಂತು. ಅದರ ಹಿಂದೆ ಹನ್ನೆರಡೋ ಇಪ್ಪತ್ತೋ ಬಂದವು. ಬಂದೂಕು ಸಿಡಿಯಿತು, ಒಂದು ಕಾಗೆ ನಮ್ಮ ಮುಂದೆಯೇ ಬಿತ್ತು. ಯಾರು ಅತ್ತರು? ನಾಜಿಯಾ ಅಂತ ಬರೆಯಬೇಕೆಂದು ಕೈ ಹೋಗುತ್ತದೆ. ಅತ್ತವಳು ನಾನು.

"ಯು ಹ್ಯಾವ್ ದ ಗಿಫ್ಟ್," ಎಂದರು ಡೇಲ್ ಅಂಕಲ್, ಅವಳಿಗೆ. ಈ ಮಾತೊಂದು ಮಾತ್ರ ಇಂಗ್ಲಿಷಿನಲ್ಲೇ ಉಳಿದಿದೆ.

ಒಂದು ಸಂಜೆ ಅವಳು ನಮ್ಮ ಡೆಕ್ ಮೇಲೆ ನಿಂತು ಸುಮ್ಮನೆ ಕೂಗಿದಳು. ಪೈನ್ ಮರದ ತುದಿಯಿಂದ ಉತ್ತರ ಬಂತು. ಒಳಗೆ ಪೇಪರ್ ಓದುತ್ತಿದ್ದ ಅಪ್ಪ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಬಂದರು.

"ಇನ್ನೊಂದ್ಸಲ ಕೂಗಮ್ಮ."

ಕೂಗಿದಳು. ಕಾಗೆಯೊಂದು ಬಂದು ಡೆಕ್‌ನ ಕಟಕಟೆಯ ಮೇಲೇ ಕೂತಿತು. ಅಪ್ಪನ ಮುಖವನ್ನು ನಾನು ನೋಡಿದೆ. ನೋಡಬಾರದಿತ್ತು.

"ಬರೋ ಶನಿವಾರ ನಮ್ಮಮ್ಮನ ತಿಥಿ. ಬಂದು ಕರೀತೀಯಾ?"

"ಐ ಕ್ಯಾನ್ ಡೂ ಇಟ್ ಟೂ," ಎಂದೆ ನಾನು. ಅಪ್ಪ ನನ್ನ ತಲೆ ಸವರಿದರು, ಕಣ್ಣು ಮಾತ್ರ ಅವಳ ಮೇಲೇ ಇತ್ತು.

ಅಮ್ಮ ಅಡುಗೆಮನೆಯಲ್ಲಿ, "ತಿಥಿ ದಿನ ಹೊರಗಿನೋರು ಬರಬಹುದಾ?" ಎಂದಳು. "ಕಾಗೆ ಯಾವ ಮನೆದೇ?" ಎಂದರು ಅಪ್ಪ. ನಾಜಿಯಾ ಮರುದಿನ ಬಂದು, "ಅಮ್ಮಿ ಹೋಗು ಅಂದ್ರು ಅಂಕಲ್. ಯಾರನ್ನಾದ್ರೂ ಊಟಕ್ಕೆ ಕರೆದ್ರೆ ಪುಣ್ಯಾನೇ ಅಂತೆ" ಎಂದಳು. ಡೇಲ್ ಅಂಕಲ್ ಎರಡು ಪ್ಲಾಸ್ಟಿಕ್ ಕಾಗೆ ಕೊಟ್ಟು ಕಳಿಸಿದ್ದರು. "ಹಂಗಾದ್ರೆ ವಡೇನೂ ಪ್ಲಾಸ್ಟಿಕ್‌ದೇ ಮಾಡ್ಲಾ?" ಎಂದು ಅಮ್ಮನೂ ನಕ್ಕಳು. ಮನೆಯೆಲ್ಲ ನಗುತ್ತಿತ್ತು, ನನ್ನನ್ನು ಬಿಟ್ಟು.

ಶುಕ್ರವಾರ ಮಧ್ಯಾಹ್ನ ಡೇಲ್ ಅಂಕಲ್ ಅವರ ಶೆಡ್ಡಿನಿಂದ ಪ್ಲಾಸ್ಟಿಕ್ ಗೂಬೆಯನ್ನು ತೆಗೆದು ಸ್ಕೂಲ್ ಬ್ಯಾಗಿಗೆ ತುಂಬಿದೆ. ಶನಿವಾರ ಬೆಳಿಗ್ಗೆ ಅಮ್ಮ ವಡೆ ಕರಿಯುತ್ತಿದ್ದಳು, ಅಪ್ಪ ಸ್ನಾನಕ್ಕೆ ಹೋಗಿದ್ದರು. ಡೆಕ್ ಪಕ್ಕದ ಮ್ಯಾಗ್ನೋಲಿಯಾ ಮರ ಹತ್ತಿ, ದಪ್ಪ ಎಲೆಗಳ ನಡುವೆ ಗೂಬೆಯನ್ನು ಸಿಕ್ಕಿಸಿದೆ.

ನಾಜಿಯಾ ಬಂದಳು. "ಅಂಕಲ್, ಮುಖ ಮೇಲೆತ್ತಬೇಡಿ," ಎಂದಳು. ಅಪ್ಪ ವಿಧೇಯವಾಗಿ ತಲೆ ತಗ್ಗಿಸಿ ಎಲೆಯನ್ನೇ ನೋಡುತ್ತಾ ನಿಂತರು. ಅವಳು ಕೂಗಿದಳು.

ಕಾಗೆಗಳು ಬಂದವು. ಅಷ್ಟು ಕಾಗೆಗಳು ಆ ಡೆಕ್‌ಗೆ ಎಂದೂ ಬಂದಿರಲಿಲ್ಲ. ಅಪ್ಪನ ಕೈಗಳು ತಾವಾಗಿ ಕೂಡಿಕೊಂಡವು. ಆದರೆ ಒಂದೂ ಕೆಳಗಿಳಿಯಲಿಲ್ಲ. ಮ್ಯಾಗ್ನೋಲಿಯಾ ಮರಕ್ಕೆ ಎರಗಿ, ಕಿರುಚಿ, ಸುತ್ತಿ, ಮತ್ತೆ ಎರಗಿದವು. ಮಾತು ಕೇಳಿಸದಷ್ಟು ಗಲಾಟೆ. ನಾಜಿಯಾ ಮರದ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

ಕಾಗೆ ಬಂದೂ ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಅರ್ಥವಂತೆ. ಆಗ ಮನೆಯವರು ಒಂದೊಂದೇ ಮಾತು ಕೊಡುತ್ತಾ ಹೋಗಬೇಕು. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಅದೇ ಅವರ ಆಸೆ. ಇದು ನನಗೆ ಆಗ ಗೊತ್ತಿರಲಿಲ್ಲ. ಅಪ್ಪ ತಲೆ ತಗ್ಗಿಸಿದ ಹಾಗೆಯೇ ಗಟ್ಟಿಯಾಗಿ ಮಾತಾಡತೊಡಗಿದರು.

"ಅಮ್ಮ, ಈ ಬೇಸಿಗೇಲಿ ಮೈಸೂರಿಗೆ ಬರ್ತೀನಿ."

ಕಾಗೆಗಳು ಕಿರುಚಿದವು.

"ಗಿರಿಜೆ ಹತ್ರ ಮಾತಾಡ್ತೀನಿ. ಜಗಳ ಬಿಟ್ಟೆ. ಅವಳು ನಿನ್ನ ಮಗಳೇ ಅಲ್ವಾ."

ಇಳಿಯಲಿಲ್ಲ.

"ಬರಕ್ಕಾಗ್ಲಿಲ್ಲ ಅಮ್ಮ. ತಪ್ಪಾಯ್ತು."

ಆಮೇಲೆ, "ಮಗೂಗೆ ಕನ್ನಡ ಕಲಿಸ್ತೀನಿ," ಎಂದರು.

ಅಜ್ಜಿಗೆ ಉಳಿದಿರಬಹುದಾದ ಕೊರಗುಗಳ ಸಾಲಿನಲ್ಲಿ ನಾನೂ ಇದ್ದೆ. ಅದಕ್ಕೂ ಕಾಗೆ ಇಳಿಯಲಿಲ್ಲ. ಗೂಬೆಯನ್ನು ತೆಗೆಯಬಹುದಿತ್ತು, ಮರ ನಾಲ್ಕು ಹೆಜ್ಜೆ ದೂರದಲ್ಲಿತ್ತು. ತೆಗೆಯಲಿಲ್ಲ. ಅಪ್ಪ ಎಲೆಯನ್ನು ಹಾಗೇ ಬಿಟ್ಟು ಒಳಗೆ ಹೋದರು. "ಥ್ಯಾಂಕ್ಸ್ ಕಣಮ್ಮ," ಎಂದರು ನಾಜಿಯಾಗೆ. ಇನ್ನೆಂದೂ ಅವಳನ್ನು ಕರೆಯಲಿಲ್ಲ. ಅವಳೂ ಬರುವುದನ್ನು ಬಿಟ್ಟಳು. ಬೇಸಿಗೆಗೆ ನಾಜಿಯಾಳ ಮನೆಯವರು ವರ್ಜೀನಿಯಾದ ಸ್ಟರ್ಲಿಂಗ್‌ಗೆ ಹೋದರು. ಗೆದ್ದೆ ಅಂದುಕೊಂಡೆ.

ಅಪ್ಪ ಮೈಸೂರಿಗೆ ಹೋದರು, ಗಿರಿಜತ್ತೆಯ ಹತ್ತಿರ ಮಾತಾಡಿದರು. ಪ್ರತಿ ಭಾನುವಾರ ನನ್ನನ್ನು ಕೂರಿಸಿ ಕಾಗುಣಿತ ತಿದ್ದಿಸಿದರು. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅದರಿಂದಲೇ. ಮುಂದಿನ ವರ್ಷಗಳ ತಿಥಿಯಲ್ಲಿ ಅವರು ಎಲೆ ಇಟ್ಟು ಕಾಯದೆ ಒಳಗೆ ಬಂದುಬಿಡುತ್ತಿದ್ದರು. ಅವರ ನಂಬಿಕೆಯನ್ನು ನಾನೇ ಮುರಿದೆ ಎಂದು ಅಂದುಕೊಂಡಿದ್ದೆ.

ಅಪ್ಪ ತೀರಿಹೋಗಿ ನಾಲ್ಕು ವರ್ಷವಾಯಿತು. ಪೆಕಾನ್ ತೋಪು ಇದ್ದಲ್ಲಿ ಈಗ ಒಂದೇ ಬಣ್ಣದ ಮನೆಗಳಿವೆ, ಡೇಲ್ ಅಂಕಲ್ ಇಲ್ಲ. ಕಳೆದ ತಿಂಗಳು ನಾಜಿಯಾಳ ನಂಬರ್ ಹುಡುಕಿ ಫೋನ್ ಮಾಡಿದೆ. ಗೂಬೆ ಇಟ್ಟವಳು ನಾನು ಎಂದೆ.

"ಗೊತ್ತಿತ್ತು ಕಣೇ. ನಿಮ್ಮಪ್ಪಂಗೂ ಗೊತ್ತಿತ್ತು."

"ಇಲ್ಲ. ಸಾಯಂಕಾಲ ನಾನೇ ಇಳಿಸಿ ಶೆಡ್ಡಲ್ಲಿ ಇಟ್ಟು ಬಂದೆ." ಕೊಂಬೆಯ ತಣ್ಣಗಿನ ತೊಗಟೆ ಇವತ್ತಿಗೂ ಅಂಗೈಯಲ್ಲಿದೆ.

"ಏ, ಹೋಗೇ. ಭಾನುವಾರ ಬೆಳಿಗ್ಗೆ ನಿಮ್ಮಪ್ಪ ನಮ್ಮನೆಗೆ ಬಂದ್ರು. ಕಾರಿನ ಹಿಂದಿನ ಸೀಟಲ್ಲಿ ಗೂಬೆ ಕೂತಿತ್ತು. ನಿಂಗೆ ಜ್ವರ ಅಂದ್ರು."

ಜ್ವರ ಇರಲಿಲ್ಲ. ಹಾಗೆ ಹೇಳಿ ಮುಸುಕು ಹೊದ್ದು ಮಲಗಿದ್ದೆ. ಹಾಗಾದರೆ ಗೂಬೆ ಇಳಿಸಿದ್ದು ಅಪ್ಪನಿರಬೇಕು, ನನ್ನ ಅಂಗೈಯಲ್ಲಿರುವುದು ಹತ್ತುವಾಗಿನ ತೊಗಟೆ ಇರಬೇಕು.

ಅಪ್ಪ ಅವಳನ್ನೂ ಅವಳ ಅಬ್ಬಾನನ್ನೂ ಕರೆದುಕೊಂಡು, ಇನ್ನೂ ಕಟ್ಟದ ಸೈಟುಗಳ ಹಿಂದಿನ ಬಯಲಿಗೆ ಹೋದರಂತೆ. ಸ್ಟೀಲ್ ಡಬ್ಬಿಯಲ್ಲಿ ಅನ್ನ, ಹಿಂದಿನ ದಿನದ ವಡೆ. ಅವಳು ಕೂಗಿದಳಂತೆ. ಕಾಗೆ ಬಂದು ದೂರದಲ್ಲಿ ಕೂತಿತಂತೆ.

"ಆಮೇಲೆ?"

"ನಿಮ್ಮಪ್ಪ ಒಂದೇ ಮಾತು ಹೇಳಿದ್ರು. 'ಹುಡುಗಿ ತಿಳೀದೆ ಮಾಡಿದ್ಲು ಅಮ್ಮ, ಮನಸ್ಸಿಗೆ ಹಚ್ಕೋಬೇಡ' ಅಂತ. ಕಾಗೆ ವಡೆ ಎತ್ಕೊಂಡು ಹೋಯ್ತು."

ನನ್ನ ಸಮಾಧಾನಕ್ಕೆ ಅವಳು ಕಟ್ಟಿ ಹೇಳಿರಬಹುದು. ಕೇಳಿ ಖಚಿತಪಡಿಸಿಕೊಳ್ಳಲು ಅಪ್ಪ ಇಲ್ಲ. ಆ ಬೆಳಗನ್ನು ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಬಯಲಿನಲ್ಲಿ ನಾನೂ ನಿಂತಿದ್ದೆ; ಹರಿದು ಹಾಕಿದೆ. ನನ್ನ ಪರವಾಗಿ ಅಪ್ಪ ಆಡಿದ ಆ ಮಾತು ಅವಳ ಕಿವಿಯಲ್ಲಿದೆ, ನನ್ನ ಕಿವಿಯಲ್ಲಿಲ್ಲ.

"ಹೇಗೆ ಹೇಳಿದ್ರು?" ಎಂದು ಕೇಳಿದೆ. "ಗಟ್ಟಿಯಾಗಾ?"

"ಇಲ್ಲಪ್ಪ, ಮೆಲ್ಲಗೆ," ಎಂದಳು ನಾಜಿಯಾ. "ಪಕ್ಕದಲ್ಲಿ ನಿಂತಿದ್ದೋರಿಗೆ ಮಾತ್ರ ಕೇಳ್ಸೋಷ್ಟು."