ಎದುರು ಮನೆಯ ತುತ್ತು

ಎಂಜಲಿನ ವಿಷಯದಲ್ಲಿ ನಮ್ಮ ಅತ್ತೆಯೇ ಸುಪ್ರೀಂ ಕೋರ್ಟು, ಮೇಲ್ಮನವಿ ಇಲ್ಲ. ಧಾರವಾಡದಿಂದ ನಾರ್ತ್ ಯಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬರುವಾಗ ಚಟ್ನಿಪುಡಿಯ ಜೊತೆಗೆ ತಮ್ಮದೇ ತಾಟನ್ನೂ ಸೂಟ್‌ಕೇಸಿನಲ್ಲಿ ತಂದಿದ್ದರು. ಬಡಿಸುವಾಗ ಸೌಟು ಆ ತಾಟಿಗೆ ತಾಗಿದರೆ ಸೌಟು ನೇರ ಸಿಂಕಿಗೆ. ಇಂಥವರನ್ನು ಎದುರು ಮನೆಯ ನನ್ನ ಇಥಿಯೋಪಿಯಾದ ಗೆಳತಿ ಒಂದು ಶುಕ್ರವಾರ ಊಟಕ್ಕೆ ಕರೆದಳು.

ಅವರಲ್ಲಿ ಎಲ್ಲರೂ ಉಣ್ಣುವುದು ಒಂದೇ ದೊಡ್ಡ ತಾಟಿನಲ್ಲಿ. ಒಲ್ಲೆ ಅಂದರೆ ಗೆಳತಿಗೆ ಬೇಜಾರು. ನಾನು ಸಂಜೆ ಶಿಫ್ಟಲ್ಲಿದ್ದಾಗ ನನ್ನ ಮಗಳನ್ನು ಶಾಲೆಯಿಂದ ಕರೆತಂದು ಉಣಿಸುವವಳು ಅವಳೇ. ಅವಳ ಮನಸ್ಸು ಮುರಿದರೆ ಈ ಊರಲ್ಲಿ ನನಗೆ ಬೇರೆ ಯಾರಿದ್ದಾರೆ?

"ಮಾಂಸ ಗೀಂಸ ಇರ್ತದೇನು?" ಅತ್ತೆ ಕೇಳಿದರು.

"ಇಲ್ರೀ, ಶುಕ್ರವಾರ ಅವರದು ಉಪವಾಸ. ಹಾಲು ಸುದ್ಧಾ ಮುಟ್ಟಂಗಿಲ್ಲ."

ಉಪವಾಸ ಅಂದಕೂಡಲೇ ಅತ್ತೆ ಕರಗಿದರು. ರೇಷ್ಮೆ ಸೀರೆ ಉಟ್ಟು ಹೊರಟರು, ಕೈಯಲ್ಲಿ ತಮ್ಮ ತಾಟು ಹಿಡಿದುಕೊಂಡೇ.

ಬಾಗಿಲು ತೆರೆದ ಗೆಳತಿ ಅದನ್ನು ಉಡುಗೊರೆಯೆಂದು ತಿಳಿದಳು. ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ, ಶೋಕೇಸಿನಲ್ಲಿ ನಿಲ್ಲಿಸಿಯೇ ಬಿಟ್ಟಳು. ಅತ್ತೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮೇಜಿನ ಮೇಲಿನ ದೊಡ್ಡ ತಾಟಿನಲ್ಲಿ ಇಂಜೆರಾ ಹಾಸಿತ್ತು, ನಮ್ಮ ಹುಳಿ ದೋಸೆಯ ದೂರದ ಅಕ್ಕ. ಅದರ ಮೇಲೆ ಬೇಳೆ, ಸೊಪ್ಪು, ಎಲೆಕೋಸು, ನಡುವೆ ಶಿರೋ. ಅತ್ತೆ ಶಿರೋವನ್ನೇ ಬಗ್ಗಿ ನೋಡಿದರು.

"ಇದು ನಮ್ಮ ಝುಣಕದಂಗ ಅದ ಅಲ್ಲ?"

"ಹೌದ್ರೀ, ಕಡಲಿಹಿಟ್ಟಿಂದನ."

"ಉಪವಾಸದಾಗ ಇಷ್ಟ ಉಣ್ತಾರ? ನಮ್ಮ ಏಕಾದಶಿಗಿಂತ ಇದ ಚಲೋ ಅದ."

ಅಷ್ಟರಲ್ಲಿ ಗೆಳತಿ ಇಂಜೆರಾದ ತುಂಡೊಂದರಲ್ಲಿ ಬೇಳೆ ಸುತ್ತಿ, ಅತ್ತೆಯ ಬಾಯಿಯ ಹತ್ತಿರವೇ ಹಿಡಿದಳು. ಗೌರವದ ಅತಿಥಿಗೆ ತಮ್ಮ ಕೈಯಾರೆ ತುತ್ತು ಕೊಡುವುದು ಅವರ ಪದ್ಧತಿ; ಗುರ್ಶಾ ಅನ್ನುತ್ತಾರೆ. ಬೇಡವೆಂದರೆ ಕೈಯನ್ನೇ ತಳ್ಳಿದಂತೆ. ನಾನು ಮನೆದೇವರನ್ನು ನೆನೆದೆ. ಅತ್ತೆ ನನ್ನನ್ನು ನೋಡಿದರು, ಶೋಕೇಸನ್ನು ನೋಡಿದರು, ಆಮೇಲೆ ಬಾಯಿ ತೆರೆದರು.

ನಿಧಾನವಾಗಿ ಅಗಿದು ನುಂಗಿ, "ಇನ್ನೊಂದು ಕೊಡು ಅಂತ ಹೇಳು" ಎಂದರು. "ಒಂದ ಬಡಸಬಾರದು, ಜಗಳ ಆಗ್ತದ."

ನಾನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಗೆಳತಿ ಬಿದ್ದು ಬಿದ್ದು ನಕ್ಕಳು. ಒಂದೇ ಗುರ್ಶಾ ಕೊಟ್ಟರೆ ಜಗಳವೆಂದು ಅವಳ ಅಜ್ಜಿಯೂ ಹೇಳುತ್ತಿದ್ದಳಂತೆ. ಎರಡನೆಯದನ್ನು ಕೊಟ್ಟು, ಈಗ ನೀವು ಸೊಸೆಗೆ ಕೊಡಬೇಕು ಎಂದು ಕೈಸನ್ನೆ ಮಾಡಿದಳು.

ಅತ್ತೆ ಶಿರೋ ಸುತ್ತಿದ ತುತ್ತು ಹಿಡಿದು ನನ್ನ ಕಡೆ ತಿರುಗಿದರು. ಮದುವೆಯಾದಾಗಿನಿಂದ ಅವರು "ಬಾಯಿ ಮುಚ್ಚು" ಅಂದದ್ದಕ್ಕೆ ಲೆಕ್ಕವಿಲ್ಲ.

"ಬಾಯಿ ತಗಿ" ಅಂದದ್ದು ಅದೇ ಮೊದಲು.

ನಾನು ಬಾಯಿ ತೆರೆದೆ. ಆ ತುತ್ತು ಇನ್ನೂ ಬಾಯಲ್ಲೇ ಇತ್ತು. ಅಷ್ಟರಲ್ಲಿ ಅವರು ಎರಡನೆಯ ತುತ್ತು ಸುತ್ತುತ್ತಿದ್ದರು.