ಹೂಜಿ ಗಿಡಕ್ಕೆ ಮೊಸರನ್ನ

ತ್ರಿಪ್ಲಿಕೇನಿನ ನಮ್ಮ ಹಳೇ ಮನೆಯ ಬಾವಿಕಟ್ಟೆ ಹತ್ತಿರ, ತುಳಸಿಯಿಂದ ಎರಡು ಮಾರು ದೂರದಲ್ಲಿ, ನಾನೊಂದು ಹುಳ ತಿನ್ನೋ ಹೂಜಿ ಗಿಡ ಸಾಕಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಮೈಸೂರಿಂದ ಮದುವೆಯಾಗಿ ಬಂದವಳು, ಪಿಎಚ್.ಡಿ. ಮುಗಿಸುವ ಅವಸರದಲ್ಲಿದ್ದೆ. ಕಾಲೇಜಿನಲ್ಲಿ ಬಿಸಿಲಿಗೆ ಗಿಡ ಸೊರಗಿತು ಅಂತ ಮನೆಗೇ ತಂದಿದ್ದೆ. ಮಡಿ ಮನೆಯಲ್ಲಿ ಮಾಂಸಾಹಾರಿ ಗಿಡ! ಅತ್ತೆ ಮುಖ ಸಿಂಡರಿಸಿದರು. ಅವರ ಅತ್ತೆ, ಎಂಬತ್ತು ದಾಟಿದ ಅಜ್ಜಿ, ಮಾತ್ರ ದಿನಾ ಬಂದು ಅದರ ಪಕ್ಕ ಕೂರುತ್ತಿದ್ದರು.

ಹುಳದ ಗಟ್ಟಿ ಚಿಪ್ಪಿನಲ್ಲಿ ಕೈಟಿನ್ ಅನ್ನೋ ವಸ್ತು ಇರುತ್ತದೆ. ಅದನ್ನು ಕರಗಿಸುವ ಕಿಣ್ವ ಗಿಡದ್ದೇ ಅಂತ ನಾನು ತೋರಿಸಬೇಕಿತ್ತು. ಎಲೆತುದಿಯಲ್ಲಿ ಬೆಳೆಯೋ ಹೂಜಿಗಳಲ್ಲಿ ಬಾಯಿ ತೆರೆದದ್ದು ಇದಕ್ಕೆ ಆಗದು. ಬಿದ್ದ ಹುಳದ ಜೊತೆ ಬ್ಯಾಕ್ಟೀರಿಯಾನೂ ಸೇರುತ್ತವೆ, ಅವೂ ಅಂಥದ್ದೇ ಕಿಣ್ವ ಮಾಡುತ್ತವೆ. ಮುಚ್ಚಳ ಬಿಡದ ಹೂಜಿಯ ರಸ, ಅದರ ಒಳಗೋಡೆಯ ಚೂರು, ಎರಡೂ ಬೇಕು. ಉಳಿದಿದ್ದ ಮುಚ್ಚಿದ ಹೂಜಿ ಒಂದೇ. ಇನ್ನೊಂದು ಬಲಿಯೋಕೆ ತಿಂಗಳುಗಟ್ಟಲೆ ಬೇಕು, ನನ್ನ ಗಡುವು ಆ ತಿಂಗಳ ಕೊನೆ. ಸೋಮವಾರ ಕೊಯ್ದು ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಒಯ್ಯೋದು ಅಂತ ಗೊತ್ತುಮಾಡಿದ್ದೆ.

ಅಜ್ಜಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆನಲ್ಲ, ಅದೇ ನನ್ನ ತಪ್ಪು. ಇದು ಇರುವೆ ತಿನ್ನತ್ತೆ ಅಂದೆ. ಯಾಕೆ ಅಂದರು. ಹುಟ್ಟಿದ ಮಣ್ಣಲ್ಲಿ ಸಾರ ಇಲ್ಲ, ಹೊಟ್ಟೆಪಾಡು ಅಂದೆ. ಈ ಚಿಕ್ಕ ಹೂಜಿಗೆ ಇನ್ನೂ ಬಾಯಿ ಬಿಡೋಕೆ ಬರಲ್ಲ ಅಂತಲೂ ಹೇಳಿದೆ, ಮಹಾ ಬುದ್ಧಿವಂತೆ.

ಭಾನುವಾರ ವಡಪಳನಿಯ ನೆಂಟರ ಮನೆಗೆ ಹೋಗಿ ಬರೋ ಹೊತ್ತಿಗೆ ಆ ಹೂಜಿಯ ಮುಚ್ಚಳ ಎದ್ದಿತ್ತು. ಒಳಗೆ ಮೊಸರನ್ನ. ಅಜ್ಜಿ ಉಗುರಲ್ಲಿ ಮೆಲ್ಲಗೆ ಬಿಡಿಸಿ, ಮಗುವಿಗೆ ಹಿಸುಕಿದ ಹಾಗೆ ನುಣ್ಣಗೆ ಹಿಸುಕಿ ಇಟ್ಟಿದ್ದರು. ಮೊಸರು ಅಂದರೇನೇ ಬ್ಯಾಕ್ಟೀರಿಯಾ ಅಂತ ಯಾರಿಗೆ ಹೇಳಲಿ? ಕೂಗಾಡಬೇಕು ಅಂತ ತಿರುಗಿದೆ, ಅಜ್ಜಿಯ ಮುಖ ನೋಡಿ ಆಗಲಿಲ್ಲ.

"ಪಾವಂ, ಪಾಪದ್ದು ಕಣೇ, ಹಸಿದಿತ್ತು," ಅಂದರು. "ಹೊತ್ತುಹೊತ್ತಿಗೆ ಇಕ್ಕೋರಿದ್ರೆ ಅದ್ಯಾಕೆ ಇನ್ನೊಂದರ ಪ್ರಾಣ ತೆಗೆಯತ್ತೆ?"

ಅವರು ಒಳಗೆ ಹೋದ ಮೇಲೆ ಅನ್ನ ತೆಗೆದು ಹೂಜಿ ತೊಳೆದೆ. ಪ್ರಯೋಜನ ಇಲ್ಲ ಅಂತ ಗೊತ್ತಿತ್ತು, ಆದರೂ ತೊಳೆದೆ. ಅಲ್ಲೇ ಕೂತು ಅತ್ತುಬಿಟ್ಟೆ.

ಸೋಮವಾರ ಬೆಳಿಗ್ಗೆ ಗೈಡಿಗೆ ವಿಷಯ ಹೇಳಲು ಹೊರಟಾಗ ಅಜ್ಜಿ ಬಗ್ಗಿ ಹೂಜಿಯೊಳಗೆ ನೋಡುತ್ತಿದ್ದರು.

"ಎಲ್ಲಾ ತಿಂದ್ಬಿಡ್ತಾ?"

"ತಿಂತು ಅಜ್ಜಿ," ಅಂದೆ.

ಹಾಗಾದರೆ ಇನ್ನೊಂಚೂರು ಕಲಸ್ತೀನಿ ಅಂತ ಗೋಡೆ ಹಿಡಿದು ಅಡುಗೆಮನೆಗೆ ನಡೆದರು. ನಾನು ಖಾಲಿ ಐಸ್ ಡಬ್ಬಿ ಹಿಡಿದುಕೊಂಡು ಬಸ್ ಸ್ಟಾಪಿಗೆ ಹೋದೆ.