ಮುಳ್ಳಿಲಿ ಸಾಕಿದ ಟೀಚರ್

ಎದುರು ಫ್ಲ್ಯಾಟಿನ ಟೀಚರ ಅಂಗೈಯಲ್ಲಿ ಯಾವಾಗಲೂ ಸಣ್ಣ ಸಣ್ಣ ಕೆಂಪು ಚುಕ್ಕಿಗಳಿರುತ್ತಿದ್ದವು, ತೆಂಗಿನಕಾಯಿ ತುರಿಯುವಾಗ ಕೈ ಜಾರಿದವರ ಹಾಗೆ. ಅವರು ಸಾಕಿದ್ದು ಮುಷ್ಟಿಗಿಂತ ತುಸು ದೊಡ್ಡದಾದ ಆಫ್ರಿಕಾದ ಮುಳ್ಳಿಲಿಯನ್ನು; ಹೆಡ್ಜ್‌ಹಾಗ್ ಎನ್ನುತ್ತಾರಲ್ಲ, ಅದು. ಅವರ ಅಣ್ಣನ ಮಗ ಆಸೆಪಟ್ಟು ಕೊಂಡವನು ದುಬೈಯಲ್ಲಿ ಕೆಲಸ ಸಿಕ್ಕಿದ್ದೇ ಇವರಲ್ಲಿ ಬಿಟ್ಟುಹೋಗಿದ್ದ. ಟೀಚರ್ ಮದುವೆಯಾದವರಲ್ಲ. ಮಣ್ಣಗುಡ್ಡದ ನಮ್ಮ ಕಟ್ಟಡದಲ್ಲಿ ಬಾಡಿಗೆಗಿದ್ದರು. "ಅದಕ್ಕೂ ನನ್ನ ಹಾಗೆ, ಒಬ್ಬಳೇ ಇದ್ದರೇ ಸುಖ" ಎಂದು ನಗುತ್ತಿದ್ದರು.

ಸಂಜೆ ನಾನು ದೇವರಿಗೆ ದೀಪ ಇಡುವ ಹೊತ್ತಿಗೆ ಕ್ರಿಶ್ಚಿಯನ್ನರಾದ ಅವರ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆ ಶುರುವಾಗುತ್ತಿತ್ತು. ಹಗಲಿಡೀ ಮಲಗಿದ್ದ ಮುಳ್ಳಿಲಿ ಏಳುವುದೂ ಆಗಲೇ. "ಕಪಾಟಿನ ಅಡಿಯಲ್ಲಿ ಜಿರಳೆ ಉಂಟು, ಹೋಗು" ಎಂದು ಪ್ರಾರ್ಥನೆಯ ನಡುವೆಯೇ ಅದಕ್ಕೆ ಹೇಳಿ ಟೀಚರ್ ಮುಂದಿನ ಮಣಿ ಹಿಡಿಯುತ್ತಿದ್ದರು. ನಮ್ಮ ಅಡುಗೆಮನೆಯಲ್ಲೂ ಜಿರಳೆ ಕಡಿಮೆಯಾದದ್ದನ್ನು ನಾನು ದೇವರ ಸಣ್ಣ ಕೃಪೆಗಳಲ್ಲಿ ಸೇರಿಸಿಕೊಂಡಿದ್ದೇನೆ.

ಒಂದು ಸಂಜೆ ಅಸೋಸಿಯೇಶನ್ ಸೆಕ್ರೆಟರಿ ಟೀಚರ ಬಾಗಿಲಿಗೆ ಬಂದಾಗ ಮುಳ್ಳಿಲಿ ಬಾಯಲ್ಲಿ ನೊರೆ ಬರಿಸಿಕೊಂಡು, ಕುತ್ತಿಗೆ ತಿರುಚಿ, ಆ ನೊರೆಯನ್ನು ಬೆನ್ನಿಗೆ ಬಳಿಯುತ್ತಿತ್ತು. "ರೇಬೀಸ್!" ಎಂದು ಅವರು ಓಡಿದ್ದೇ, ಕಟ್ಟಡಕ್ಕೆಲ್ಲ ಸುದ್ದಿಯಾಯಿತು. ಭಾನುವಾರ ಕೆಳಗೆ ಪಾರ್ಕಿಂಗ್‌ನಲ್ಲಿ ಮೀಟಿಂಗ್. ಪ್ರಾಣಿ ಹೋಗಬೇಕು, ಇಲ್ಲವಾದರೆ ಟೀಚರ್ ಮನೆ ಖಾಲಿ ಮಾಡಬೇಕು.

ಟೀಚರ್ ಅದನ್ನು ಟವೆಲಿನಲ್ಲಿ ಎತ್ತಿಕೊಂಡೇ ಬಂದರು. ಜನರ ಸದ್ದಿಗೆ ಅದು ಹಣೆಯ ಮುಳ್ಳನ್ನು ಟೊಪ್ಪಿಯ ಹಾಗೆ ಕಣ್ಣಿನ ಮೇಲಕ್ಕೆ ಎಳೆದು, ಫುಸ್ ಫುಸ್ ಎನ್ನುತ್ತ ಉಂಡೆಯಾಯಿತು.

"ಮುಳ್ಳುಹಂದಿ ಮುಳ್ಳು ಇದ್ದಲ್ಲಿ ಜಗಳ ಆಗ್ತದೆ ಟೀಚರೇ," ಎಂದರು ಮೇಲಿನ ಮನೆಯ ಹೆಂಗಸು.

"ಇದು ಮುಳ್ಳುಹಂದಿ ಅಲ್ಲ ಮಾರಾಯ್ತಿ. ಮತ್ತೆ ನಿಮ್ಮ ನೀರಿನ ಟ್ಯಾಂಕಿನ ಜಗಳ ಇದು ಬರುವ ಮೊದಲೇ ಇತ್ತು."

ಯಾರೋ ಕಿಸಕ್ಕೆಂದು ನಕ್ಕರು. ಟೀಚರ್ ನನ್ನ ಕಡೆ ತಿರುಗಿ, "ನಿನ್ನ ತಲೆಯ ಮಲ್ಲಿಗೆ ಒಂದೆರಡು ಕೊಡು" ಎಂದರು. ಹೂವನ್ನು ಉಂಡೆಯ ಬಳಿ ಇಟ್ಟು, ಅಂಗೈ ಅಲುಗಿಸದೆ ಕೂತರು. ಸೆಕ್ರೆಟರಿ ಗಂಟಲು ಸರಿಪಡಿಸಿಕೊಂಡರೂ ಇವರು ತಲೆ ಎತ್ತಲಿಲ್ಲ. ಕೊನೆಗೆ ಒದ್ದೆ ಮೂಗೊಂದು ಹೊರಗೆ ಬಂತು. ಮೂಸಿತು, ಹೂವನ್ನು ಜಗಿಯಿತು, ಬಾಯಿ ತುಂಬ ನೊರೆ ಮಾಡಿ, ತಿರುಗಿ ಮುಳ್ಳಿಗೆಲ್ಲ ಬಳಿದುಕೊಂಡಿತು.

"ನೋಡಿ. ಹೊಸ ವಾಸನೆ ಸಿಕ್ಕಿದರೆ ಇದು ಹೀಗೇ ಮಾಡುವುದು. ಆ ದಿನ ಮಾಂಸಕ್ಕೆ ಹಾಕುವ ನನ್ನ ಬಾಫತ್ ಮಸಾಲೆ, ಇವತ್ತು ಮಲ್ಲಿಗೆ. ನಿಮ್ಮ ಸೆಂಟ್ ಕೂಡ ಮೂಸಿಸಬೇಕಾ ಸೆಕ್ರೆಟರಿಯವರೇ?"

"ಆದರೂ ಟೀಚರ್, ರೂಲ್ಸ್ ಅಂತ ಒಂದು..."

"ಇದು ಯಾರ ಮೇಲೂ ಹೋಗಿ ಬೀಳುವುದಿಲ್ಲ. ಮುಳ್ಳು ಎಸೆಯುವುದೂ ಇಲ್ಲ. ಇದ್ದಲ್ಲೇ ಇರ್ತದೆ, ಹಿಡಿಯಲು ಬಂದವರಿಗೆ ಚುಚ್ಚುತ್ತದೆ. ನಾನೂ ಹಾಗೇ. ನಾವಿಬ್ಬರೂ ಹೋಗುವುದಿಲ್ಲ. ಎಂತ ಮಾಡ್ತೀರಿ, ಮಾಡಿ."

ಯಾರೂ ಏನೂ ಮಾಡಲಿಲ್ಲ. ಟೀಚರ ಮನೆಯ ಓನರ್ ಕೂಡ ಖಾಲಿ ಮಾಡಿ ಎನ್ನಲಿಲ್ಲ. ಮರುದಿನದಿಂದ ಟೀಚರ್ ನನಗೂ ಕಲಿಸಿದರು: ಮೇಲಿನಿಂದ ಹಿಡಿಯಬಾರದು, ಕೆಳಗಿನಿಂದ ಅಂಗೈ ಕೊಟ್ಟು ಕಾಯಬೇಕು. ನಾನು ಮೀಟಿಂಗ್‌ಗಳಲ್ಲಿ ಬಾಯಿ ಬಿಟ್ಟವಳಲ್ಲ. ಮನೆಯಲ್ಲೂ ಎದುರು ಮಾತಾಡಿದ್ದು ಕಡಿಮೆಯೇ. ಅವರ ಪಕ್ಕ ಕೂತು ಕೂತು ನನ್ನ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಈ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದ ಟೀಚರ್ ತಿರುಗಿ ಬರಲಿಲ್ಲ. ಹೆಚ್ಚು ನರಳಲಿಲ್ಲ, ಅಷ್ಟು ಮಟ್ಟಿಗೆ ದೇವರು ದೊಡ್ಡವನು. ಅಣ್ಣನ ಮಗ ಫೋನಿನಲ್ಲಿ, "ಮುಳ್ಳಿಲಿಯನ್ನು ಯಾರಿಗಾದರೂ ಕೊಟ್ಟುಬಿಡಿ ಆಂಟಿ" ಎಂದ. ಮಣ್ಣು ಮಾಡಿ ಬಂದ ಸಂಜೆ ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕಿದರು.

"ಪಾಪ, ಒಳ್ಳೆ ಹೆಂಗಸು. ಇನ್ನಾದರೂ ಅದನ್ನು ಕಳಿಸುವ, ಅಲ್ವಾ ಅಕ್ಕ?"

"ಅದು ನಮ್ಮಲ್ಲಿ ಇರ್ತದೆ," ಎಂದೆ. "ಮೀಟಿಂಗ್ ಯಾವಾಗ ಇಡ್ತೀರಿ ಹೇಳಿ. ನಾನು ಬರ್ತೇನೆ."